ಯಾವುದಕ್ಕೆ ಸ್ಕ್ರೂಡ್ರೈವರ್, ಯಾವುದಕ್ಕೆ ಬರೀ ಎಣ್ಣೆ ಬಟ್ಟೆ

ಹಳೆಯ .22 ರೈಫಲ್ (ಇಂಚಿನ ಕಾಲು ಭಾಗಕ್ಕಿಂತ ಸಣ್ಣ ಗುಂಡಿನ ಬಂದೂಕು) ಒಂದು ಕೈಗೆ ಬಂದರೆ ನಾನು ಮೊದಲು ನೋಡುವುದು ಅದರ ಸ್ಕ್ರೂಗಳ ತಲೆ. ಬ್ಯಾರಲ್, ಕಂಪನಿ ಹೆಸರು ಎಲ್ಲ ಆಮೇಲೆ. ಸ್ಕ್ರೂ ತಲೆಯ ಸೀಳು ನೆಟ್ಟಗಿದ್ದು, ಅಂಚು ಚೂಪಾಗಿದ್ದರೆ ಎರಡರಲ್ಲಿ ಒಂದು ನಿಜ. ಯಾರೂ ಅದನ್ನು ಬಿಚ್ಚಿಲ್ಲ, ಇಲ್ಲವೇ ಬಿಚ್ಚಿದವನ ಹತ್ತಿರ ಸರಿಯಾದ ಸ್ಕ್ರೂಡ್ರೈವರ್ ಇತ್ತು. ಸೀಳು ಬಾಯಿ ಬಿಟ್ಟುಕೊಂಡು, ಅಂಚಿನ ಲೋಹ ಹರಿದು ಮೇಲೆದ್ದಿದ್ದರೆ ಯಾರೋ ಕೈಗೆ ಸಿಕ್ಕಿದ್ದನ್ನು ತುರುಕಿ ತಿರುಗಿಸಿದ್ದಾರೆ ಅಂತಲೇ ಲೆಕ್ಕ. ಹೊರಗೇ ಹೀಗೆ ಮಾಡಿದವರು ಒಳಗೆ ಇನ್ನೇನು ಮಾಡಿರಬಹುದು ಅನ್ನುವ ಅನುಮಾನ ಅಲ್ಲಿಂದಲೇ ಶುರು.

ಈ ಹವ್ಯಾಸದಲ್ಲಿ ಎರಡು ಥರದ ಜನ ಇದ್ದಾರೆ. ಒಬ್ಬರು ಕೂಡಿಡುವವರು. ಬಂದೂಕು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು, ಒಂದು ಪಿನ್ನೂ ಬದಲಾಗಬಾರದು ಅನ್ನುವವರು. ಇನ್ನೊಬ್ಬರು ಕೈ ಸುಮ್ಮನಿರದವರು. ಹೊಸ ರೈಫಲ್ ತಂದ ದಿನವೇ ಸ್ಟಾಕ್, ಅಂದರೆ ಭುಜಕ್ಕೆ ಒರಗಿಸುವ ಮರದ ಭಾಗ, ಬಿಚ್ಚಿ ಮೇಜಿನ ಮೇಲೆ ಹರಡುವವರು. ಇಬ್ಬರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಅಷ್ಟಕ್ಕಷ್ಟೆ. ನನ್ನ ಪಾಡು ಏನೆಂದರೆ ನಾನು ಎರಡೂ ಹೌದು. ಹಾಗಾಗಿ ಪ್ರತಿ ಬಂದೂಕಿನ ಮುಂದೆಯೂ ಒಂದೇ ಪ್ರಶ್ನೆ: ಇದಕ್ಕೆ ಕೈ ಹಾಕಬೇಕಾ, ಬಿಡಬೇಕಾ? ಎಲ್ಲದಕ್ಕೂ ಒಂದೇ ಉತ್ತರ ಕೊಡುವವರನ್ನು ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ಕೆಲವು ಬಂದೂಕು ಬದಲಾಯಿಸಲೆಂದೇ ಹುಟ್ಟಿದವು. ಕೆಲವನ್ನು ಮುಟ್ಟಿದರೆ ತಪ್ಪು. ಯಾವುದು ಯಾವುದು ಅಂತ ಗುರುತಿಸುವುದರಲ್ಲೇ ಈ ಹುಚ್ಚಿನ ಮಜಾ ಇದೆ.

ಈ .22 ತೋಟಾಗಳೆಲ್ಲ ರಿಮ್‌ಫೈರ್ ಜಾತಿ. ಅದರ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ತೋಟಾಗಳಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಹಿಂಭಾಗದ ನಡುವೆ ಒಂದು ಪುಟ್ಟ ಬಟ್ಟಲಿನಲ್ಲಿ ಕೂತಿರುತ್ತದೆ. ರಿಮ್‌ಫೈರಿನಲ್ಲಿ ಆ ಬಟ್ಟಲೇ ಇಲ್ಲ. ತೋಟಾದ ಬುಡದ ಸುತ್ತ ಇರುವ ಅಂಚು ಒಳಗೆ ಟೊಳ್ಳು. ಕಾರ್ಖಾನೆಯಲ್ಲಿ ಪ್ರೈಮರ್ ಮಸಾಲೆಯನ್ನು ಒದ್ದೆಯಾಗಿ ಹಾಕಿ, ತೋಟಾವನ್ನು ಗರಗರ ತಿರುಗಿಸಿ, ಅದು ಆ ಟೊಳ್ಳಿನೊಳಗೆ ಹೋಗಿ ಕೂರುವ ಹಾಗೆ ಮಾಡುತ್ತಾರೆ. ಫೈರಿಂಗ್ ಪಿನ್ ಆ ಅಂಚನ್ನು ಜಜ್ಜಿದಾಗ ಕಿಡಿ.

ಪಿನ್ನಿಗೆ ಜಜ್ಜಲು ಆಗಬೇಕಾದರೆ ಹಿತ್ತಾಳೆ ತೆಳ್ಳಗೆ, ಮೆತ್ತಗೆ ಇರಬೇಕು. ಹಿತ್ತಾಳೆ ತೆಳ್ಳಗಿದ್ದರೆ ಜಾಸ್ತಿ ಒತ್ತಡ ತಾಳುವುದಿಲ್ಲ. ಅದಕ್ಕೇ ರಿಮ್‌ಫೈರ್ ಅಂದರೆ ಸಣ್ಣ ಗುಂಡು, ಸಣ್ಣ ಸದ್ದು, ಇಲ್ಲವೆನ್ನುವಷ್ಟು ಒದೆತ. ಒಮ್ಮೆ ಜಜ್ಜಿದ ಅಂಚನ್ನು ಮತ್ತೆ ತುಂಬಲು ಆಗುವುದೂ ಇಲ್ಲ. ದೊಡ್ಡ ರೈಫಲ್ ಇಟ್ಟವರು ಅರ್ಧ ಆಯುಷ್ಯ ಖಾಲಿ ಕೇಸುಗಳನ್ನು (ತೋಟಾದ ಹಿತ್ತಾಳೆ ಕವಚ) ತುಂಬಿ, ಮದ್ದು ತೂಗಿ ಕಳೆಯುತ್ತಾರೆ. ನಮಗೆ ಆ ದಾರಿ ಬಂದ್. ಪೆಟ್ಟಿಗೆಯಲ್ಲಿ ಏನು ಬರುತ್ತದೋ ಅದೇ ಗತಿ. ಹಾಗಾಗಿ ನಮ್ಮ ತಲೆಹರಟೆಯೆಲ್ಲ ಬಂದೂಕಿನ ಮೇಲೇ.

ಹಳೆಯ .22ಗಳು ಇಷ್ಟೊಂದು ಉಳಿದುಕೊಂಡಿರುವುದಕ್ಕೂ ಈ ಕಡಿಮೆ ಒತ್ತಡವೇ ಕಾರಣ. ಫ್ರಾನ್ಸಿನ ಫ್ಲೋಬೇರ್ 1845ರಲ್ಲಿ ಮದ್ದೇ ಇಲ್ಲದೆ ಬರೀ ಪ್ರೈಮರಿನ ಬಲದಲ್ಲಿ ಹಾರುವ ಪುಟ್ಟ ಗುಂಡು ಮಾಡಿದ. ಮನೆಯೊಳಗೆ ಗುರಿ ಹೊಡೆಯುವ ಆಟಕ್ಕೆ ಅದು ಸಾಕಿತ್ತು. 1857ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯ ಮೊದಲ ರಿವಾಲ್ವರ್ .22 ಶಾರ್ಟ್ ತೋಟಾದ ಜೊತೆ ಬಂತು. 1887ರಲ್ಲಿ ಸ್ಟೀವನ್ಸ್ ಕಂಪನಿ .22 ಲಾಂಗ್ ರೈಫಲ್ ತಂದಿತು. ಆ ತೋಟಾ ಇವತ್ತಿಗೂ ಬದುಕಿದೆ. ಅದರ ಕಾಲದ ಎಷ್ಟೋ ತೋಟಾಗಳು ಸತ್ತು, ಅವುಗಳ ಬಂದೂಕು ಗೋಡೆ ಸೇರಿವೆ. ನೂರು ವರ್ಷ ಹಳೆಯ .22 ರೈಫಲ್ ಮಾತ್ರ ಚೆನ್ನಾಗಿದ್ದರೆ ಇವತ್ತಿನ ತೋಟಾ ಹಾಕಿ ಹೊಡೆಯಬಹುದು.

ಹೊಡೆಯಬಹುದು ಅಂದೆ. ಅದಕ್ಕೆ ಮೊದಲು ಓದಿಕೊಂಡಿರಬೇಕು. ಬ್ರೌನಿಂಗ್ ಸಹೋದರರ ವಿನ್ಯಾಸದ ವಿಂಚೆಸ್ಟರ್ 1890 ಪಂಪ್ ರೈಫಲ್ ನೋಡಿ. ಅದರಲ್ಲಿ ಪ್ರತಿ ಬಂದೂಕೂ ಒಂದೇ ತೋಟಾಕ್ಕೆ. ಶಾರ್ಟ್‌ಗೆ ಮಾಡಿದ್ದರಲ್ಲಿ ಶಾರ್ಟ್ ಮಾತ್ರ ಓಡುತ್ತದೆ. ಆಮೇಲೆ ಬಂದ ಮಾಡೆಲ್ 1906ರಲ್ಲಿ, ಶಾರ್ಟ್‌ಗೆ ಮಾತ್ರ ಮಾಡಿದ ಮೊದಮೊದಲಿನವನ್ನು ಬಿಟ್ಟರೆ, ಶಾರ್ಟ್, ಲಾಂಗ್, ಲಾಂಗ್ ರೈಫಲ್ ಮೂರೂ ನಡೆಯುತ್ತವೆ. ಹೊರಗಿನಿಂದ ನೋಡಿದರೆ ಎರಡೂ ಅಣ್ಣತಮ್ಮ. ಬ್ಯಾರಲ್ ಮೇಲೆ ಬರೆದದ್ದನ್ನು ಓದದೆ ತೋಟಾ ತುಂಬುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕೋಲ್ಟ್ ವುಡ್ಸ್‌ಮನ್ ಪಿಸ್ತೂಲಿನದು ಇನ್ನೂ ಸೂಕ್ಷ್ಮ. 1915ರಲ್ಲಿ ಮಾರುಕಟ್ಟೆಗೆ ಬಂದಾಗ ಸಾಮಾನ್ಯ ವೇಗದ ತೋಟಾ ಮಾತ್ರ ಇತ್ತು, ಪಿಸ್ತೂಲನ್ನೂ ಅಷ್ಟಕ್ಕೇ ಮಾಡಿದ್ದರು. ಹೈ ವೆಲಾಸಿಟಿ ತೋಟಾ ಬಂದಮೇಲೆ, 1932ರ ಸುಮಾರಿಗೆ, ಹಿಂಬದಿಯ ಸ್ಪ್ರಿಂಗ್ ಹೌಸಿಂಗನ್ನು ಗಟ್ಟಿ ಮಾಡಿದರು. ಗುರುತು ಸುಲಭ. ಹಿಡಿಯ ಹಿಂಭಾಗದಲ್ಲಿ, ಅಂಗೈ ಬುಡ ತಾಗುವ ಜಾಗದಲ್ಲಿ, ಲೋಹದ ಮೇಲೆ ಚೌಕುಳಿ ಚೌಕುಳಿಯಾಗಿ ಕೊರೆದಿದ್ದರೆ ಹಳೆಯದು. ಅಡ್ಡ ಗೆರೆಗಳಿದ್ದರೆ ಹೊಸದು. ಇಷ್ಟು ಗೊತ್ತಿಲ್ಲದೆ ಹಳೆಯದಕ್ಕೆ ಬಿರುಸಿನ ತೋಟಾ ಹಾಕಿದರೆ ಪಿಸ್ತೂಲಿಗೂ ಏಟು, ಮುಖಕ್ಕೂ ಅಪಾಯ.

ಇಂಥ ಸಣ್ಣ ಗುರುತುಗಳ ಹಿಂದೆ ಹೋಗುವುದೇ ಸಂಗ್ರಹ. 1949ರಲ್ಲಿ ಬಿಲ್ ರೂಗರ್ ಮತ್ತು ಅಲೆಕ್ಸಾಂಡರ್ ಸ್ಟರ್ಮ್ ಸೇರಿ ಕಂಪನಿ ಕಟ್ಟಿ ಸ್ಟ್ಯಾಂಡರ್ಡ್ ಅನ್ನುವ .22 ಪಿಸ್ತೂಲು ತಂದರು. ಅದರ ಹಿಡಿಯಲ್ಲಿರುವ ಹದ್ದಿನ ಗುರುತು ಸ್ಟರ್ಮ್ ಬಿಡಿಸಿದ್ದು, ಕೆಂಪು ಹಿನ್ನೆಲೆಯಲ್ಲಿ. 1951ರಲ್ಲಿ ಸ್ಟರ್ಮ್ ಸಣ್ಣ ವಯಸ್ಸಿಗೇ ತೀರಿಕೊಂಡ. ಆಮೇಲೆ ಹದ್ದಿನ ಹಿನ್ನೆಲೆ ಕಪ್ಪಾಯಿತು. ಬೆರಳುಗುರಿನಷ್ಟು ಜಾಗದ ಬಣ್ಣ. ಮೊದಲ ಕಾಲದ ಕೆಂಪು ಹದ್ದಿನ ಪಿಸ್ತೂಲು ಸಿಕ್ಕಿತು ಅಂತ ಸಂಗ್ರಹಕಾರ ಕುಣಿಯುವುದು ಈ ಕಾರಣಕ್ಕೆ.

ರೈಫಲ್‌ಗಳಲ್ಲಿ ಈ ಪತ್ತೇದಾರಿ ಕಷ್ಟ. .22 ಅಂದರೆ ತೋಟದ ಮೂಲೆಯಲ್ಲಿ, ಬಾಗಿಲ ಹಿಂದೆ ಇಡುವ ಬಂದೂಕು. ಅದಕ್ಕೆ ಯಾರು ದಾಖಲೆ ಇಡುತ್ತಾರೆ? ಅಮೆರಿಕದಲ್ಲಿ 1968ರ ಕಾನೂನು ಬರುವವರೆಗೆ ಅಗ್ಗದ .22 ರೈಫಲ್‌ಗಳ ಮೇಲೆ ಎಷ್ಟೋ ಸಲ ಸೀರಿಯಲ್ ನಂಬರೇ ಇರುತ್ತಿರಲಿಲ್ಲ. ಯಾವ ವರ್ಷದ್ದು ಅಂತ ತಿಳಿಯಲು ಬ್ಯಾರಲ್ ಮೇಲಿನ ವಿಳಾಸ, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಮುಚ್ಚುವ ಉಕ್ಕಿನ ತುಂಡು) ಹಿಡಿಕೆಯ ಆಕಾರ, ಗುರಿ ನೋಡುವ ಸೈಟಿನ ನಮೂನೆ, ಸ್ಟಾಕಿನ ಬುಡದ ಪಟ್ಟಿ ಲೋಹದ್ದೋ ಪ್ಲಾಸ್ಟಿಕ್ಕಿನದ್ದೋ ಇವನ್ನೇ ನಂಬಬೇಕು. ಪ್ಲಾಸ್ಟಿಕ್ ಅಂದಾಗ ನೆನಪಾಯಿತು, ರೆಮಿಂಗ್ಟನ್ ನೈಲಾನ್ 66. 1959ರಲ್ಲಿ ನೈಲಾನ್ ಸ್ಟಾಕ್ ಹಾಕಿ ತಂದಾಗ ಮೂಗು ಮುರಿದವರಿಗೆ ಲೆಕ್ಕವಿಲ್ಲ. ಕಂಪನಿಯವನೇ ಆದ ಟಾಮ್ ಫ್ರೈ ಗಾಳಿಗೆ ಎಸೆದ 1,00,010 ಮರದ ತುಂಡುಗಳಿಗೆ ಆ ರೈಫಲ್‌ಗಳಲ್ಲಿ ಹೊಡೆದು ಬರೀ 6ಕ್ಕೆ ಗುರಿ ತಪ್ಪಿದ. ಈಗ ಅದೇ ಪ್ಲಾಸ್ಟಿಕ್ ಬಂದೂಕಿನ ಹಸಿರು ಬಣ್ಣದ್ದು ಬೇಕು ಅಂತ ಜನ ಹುಡುಕಾಡುತ್ತಾರೆ. ಕಂದು ಬಣ್ಣದ್ದು ಬೇಕಾದಷ್ಟಿದೆ.

ಇಂಥವಕ್ಕೆಲ್ಲ ನನ್ನ ಕೈಯಲ್ಲಿ ಎಣ್ಣೆ ಬಟ್ಟೆ ಮಾತ್ರ. ಎಲ್ಲಕ್ಕಿಂತ ಜಾಸ್ತಿ ಹಾಳು ಮಾಡುವುದು ಮತ್ತೆ ಹೊಸದಾಗಿ ಬ್ಲೂಯಿಂಗ್ ಮಾಡಿಸುವ ಆಸೆ. ಬಣ್ಣ ಮಾಸಿದ ಉಕ್ಕನ್ನು ಉಜ್ಜುವ ಗಾಲಿಗೆ ಹಿಡಿದು ಹೊಳಪು ಬರಿಸಿ, ಕಪ್ಪುನೀಲಿ ಮಾಡಿ ಕೊಡುತ್ತಾರೆ. ದೂರದಿಂದ ಕಣ್ಣು ಕುಕ್ಕುತ್ತದೆ. ಹತ್ತಿರ ತಂದು ಬ್ಯಾರಲ್ ಮೇಲಿನ ಅಕ್ಷರ ನೋಡಿ. ಅಚ್ಚು ಒತ್ತಿದಾಗ ಚೂಪಾಗಿದ್ದ ಅಂಚು ಕರಗಿ ಹೋಗಿರುತ್ತದೆ. ಸ್ಕ್ರೂ ತೂತುಗಳ ಬಾಯಿ ತಟ್ಟೆಯ ಹಾಗೆ ಒಳಗೆ ಇಳಿದಿರುತ್ತದೆ. ಮೂಲೆಗಳು ದುಂಡಗಾಗಿರುತ್ತವೆ. ಹೋದ ಲೋಹ ವಾಪಸ್ ಬರುವುದಿಲ್ಲ. ನೂರು ವರ್ಷ ಕೈ ಆಡಿ ಬೆಳ್ಳಗಾದ ಜಾಗವೇ ವಾಸಿ.

ಮರದ ವಿಷಯದಲ್ಲಿ ನಾನು ಸ್ವಲ್ಪ ಸಡಿಲ. ಸ್ಟಾಕಿಗೆ ಪೆಟ್ಟು ಬಿದ್ದು ಗುಳಿಯಾಗಿದ್ದರೆ, ಅಲ್ಲಿ ನಾರು ತುಂಡಾಗಿಲ್ಲ, ಬರೀ ಅದುಮಿಕೊಂಡಿದೆ ಅಂತ ಖಾತ್ರಿಯಾದರೆ, ಒದ್ದೆ ಬಟ್ಟೆ ಮಡಚಿಟ್ಟು ಅದರ ಮೇಲೆ ಬಿಸಿ ಇಸ್ತ್ರಿ ಪೆಟ್ಟಿಗೆಯ ತುದಿ ಮುಟ್ಟಿಸಿದರೆ ಸಾಕು. ಚುಂಯ್ ಅಂತ ಹಬೆ ಏಳುತ್ತದೆ, ಮರ ನೀರು ಕುಡಿದು ಉಬ್ಬುತ್ತದೆ. ನಾಲ್ಕೈದು ಸಲ ಮಾಡಿದರೆ ಗುಳಿ ಮೇಲಕ್ಕೆ ಬರುತ್ತದೆ. ಆದರೆ ಇದು ಎಣ್ಣೆ ಕುಡಿಸಿದ ಸ್ಟಾಕಿಗೆ ಮಾತ್ರ. ಮೂಲ ವಾರ್ನಿಷ್ ಇದ್ದರೆ ಹಬೆಗೆ ಅದು ಬಿಳಿಚಿಕೊಂಡು ಎದ್ದು ಬರುತ್ತದೆ. ಆಗ ಗುಳಿ ಹೋಯಿತು, ಅದರ ಜೊತೆ ಬಂದೂಕಿನ ಮರ್ಯಾದೆಯೂ ಹೋಯಿತು.

ಇನ್ನು ಬದಲಾಯಿಸಲೆಂದೇ ಹುಟ್ಟಿದವು. ಇಲ್ಲಿ ರೂಗರ್ 10/22 ಹೆಸರು ಹೇಳದೆ ಮಾತು ಮುಂದೆ ಹೋಗುವುದಿಲ್ಲ. 1964ರಲ್ಲಿ ಬಂದದ್ದು. ಹತ್ತು ತೋಟಾ ಹಿಡಿಯುವ ಅದರ ಮ್ಯಾಗಜೀನು ಒಳಗೆ ಸುತ್ತುತ್ತದೆ, ಸ್ಟಾಕಿನಿಂದ ಹೊರಗೆ ಚಾಚಿಕೊಳ್ಳುವುದಿಲ್ಲ. ಆದರೆ ಅದರ ಹಣೆಬರಹ ಬದಲಾಯಿಸಿದ್ದು ಬ್ಯಾರಲ್ ಕೂರಿಸಿದ ರೀತಿ. ಬೇರೆ ಎಷ್ಟೋ ರೈಫಲ್‌ಗಳಲ್ಲಿ ಬ್ಯಾರಲ್ಲನ್ನು ಸ್ಕ್ರೂ ಥರ ತಿರುಪಿ ಬಿಗಿದಿರುತ್ತಾರೆ, ಅಥವಾ ಒತ್ತಿ ಪಿನ್ ಹೊಡೆದಿರುತ್ತಾರೆ. ಬಿಚ್ಚಲು ಗನ್‌ಸ್ಮಿತ್, ಅಂದರೆ ಬಂದೂಕು ರಿಪೇರಿಯವನು, ಬೇಕು. 10/22ರಲ್ಲಿ ಇಂಗ್ಲಿಷಿನ ವಿ ಆಕಾರದ ಒಂದು ಉಕ್ಕಿನ ತುಂಡು, ಎರಡು ಸ್ಕ್ರೂ. ಅಷ್ಟೇ. ಕಾರ್ಖಾನೆಯವರು ತಮ್ಮ ಅನುಕೂಲಕ್ಕೆ ಮಾಡಿಕೊಂಡ ಈ ಜೋಡಣೆ ಜಗತ್ತಿನ ಎಲ್ಲ ಕೈಚಳಕದವರಿಗೆ ಬಾಗಿಲು ತೆರೆಯಿತು. ಸ್ಟಾಕ್, ಬ್ಯಾರಲ್, ಬೋಲ್ಟ್, ಟ್ರಿಗರ್ ಎಲ್ಲವನ್ನೂ ಬೇರೆ ಬೇರೆ ಕಂಪನಿಗಳು ಮಾಡಲು ಶುರುಮಾಡಿದವು. ರೂಗರ್ ಕಂಪನಿಯ ಒಂದೇ ಒಂದು ಭಾಗವಿಲ್ಲದ 10/22 ಜೋಡಿಸುವುದು ಈಗ ಸಾಧ್ಯ. ಅದನ್ನು ಇನ್ನೂ 10/22 ಅನ್ನಬಹುದಾ? ಗೊತ್ತಿರುವವರು ಅನ್ನುತ್ತಾರಪ್ಪ.

ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ರೈಫಲ್ ಇಷ್ಟಪಡುವವರಿಗೆ ಚೆಕ್ ದೇಶದ ಸಿಝಡ್ 457 ಇದೆ. ಅದರಲ್ಲೂ ಬ್ಯಾರಲ್ ಸ್ಕ್ರೂ ಸಡಿಲಿಸಿ ತೆಗೆಯಬಹುದು. .22 ಲಾಂಗ್ ರೈಫಲ್ ತೆಗೆದು .17 ಎಚ್‌ಎಂಆರ್ ಹಾಕಿಕೊಳ್ಳಬಹುದು, ಮ್ಯಾಗಜೀನನ್ನೂ ಬದಲಾಯಿಸಬೇಕು. ಈ .17 ಅನ್ನುವುದು ಹಾರ್ನಡಿ ಕಂಪನಿ 2002ರಲ್ಲಿ ತಂದ ತೋಟಾ. 1959ರ .22 ಮ್ಯಾಗ್ನಮ್ ಕೇಸಿನ ಕುತ್ತಿಗೆ ಹಿಸುಕಿ ಸಣ್ಣ ಗುಂಡು ಕೂರಿಸಿದ್ದಾರೆ. ಸೆಕೆಂಡಿಗೆ ಸುಮಾರು 775 ಮೀಟರ್ ವೇಗ. ಲಾಂಗ್ ರೈಫಲ್ಲಿನ ಎರಡರಷ್ಟಕ್ಕಿಂತ ಜಾಸ್ತಿ. ಗುಂಡು ಹಗುರ, ಗಾಳಿಗೆ ಸರಿಯುತ್ತದೆ. ನನಗೆ ಅಷ್ಟೇನೂ ಹಿಡಿಸಲಿಲ್ಲ.

ಬದಲಾಯಿಸುವವರು ಹಣ ಸುರಿಯುವ ಕ್ರಮ ನೋಡಿದರೆ ನಗು ಬರುತ್ತದೆ. ಮೊದಲು ದಪ್ಪ ಬ್ಯಾರಲ್, ಆಮೇಲೆ ಕೆಂಪು ನೀಲಿ ಅಲ್ಯೂಮಿನಿಯಂ ಗುಬಟೆಗಳು, ಕೊನೆಗೆ ನೆನಪಾದರೆ ಸ್ಟಾಕ್. ನಾನು ಹೇಳುವುದು ತಿರುವುಮುರುವು. ಮೊದಲು ಸ್ಟಾಕ್ ಮೈಗೆ ಒಪ್ಪಬೇಕು. ಭುಜದಿಂದ ಟ್ರಿಗರಿಗೆ ಇರುವ ಉದ್ದ ಸರಿಯಿದ್ದು, ಕೆನ್ನೆ ಇಟ್ಟ ಕೂಡಲೇ ಕಣ್ಣು ಸ್ಕೋಪಿನ (ಗುರಿ ನೋಡುವ ದುರ್ಬೀನು) ನಡುವೆ ಬರಬೇಕು. ಕತ್ತು ಎತ್ತಿ ಹುಡುಕಬೇಕಾದರೆ ಆ ರೈಫಲ್ಲಿಗೆ ಇನ್ನೇನು ಹಾಕಿದರೂ ದಂಡ. ಕೆನ್ನೆ ತಾಗುವ ಜಾಗಕ್ಕೆ ಒಂದು ಫೋಮ್ ಪಟ್ಟಿ, ಮೇಲೆ ಚರ್ಮ ಕಟ್ಟಿದರೂ ಸಾಕು, ದುಬಾರಿ ಬ್ಯಾರಲ್ಲಿಗಿಂತ ಜಾಸ್ತಿ ಲಾಭ. ಆಮೇಲೆ ಸೈಟು. ಆಮೇಲೆ ಟ್ರಿಗರ್. ಅದನ್ನು ಮಾತ್ರ ಗೊತ್ತಿರುವ ಗನ್‌ಸ್ಮಿತ್ ಕೈಗೇ ಕೊಡಿ. ಮನೆಯಲ್ಲಿ ಅರ ಹಿಡಿದು ಉಜ್ಜಿದ ಟ್ರಿಗರ್ ಮೊದಲ ದಿನ ಹಗುರ ಅನಿಸುತ್ತದೆ, ಇನ್ನೊಂದು ದಿನ ಬಂದೂಕು ಮೇಜಿಗೆ ತಾಗಿದರೂ ಸಿಡಿಯುತ್ತದೆ. ಯಾವ ಭಾಗ ಬದಲಾಯಿಸಬಹುದು, ಯಾವುದಕ್ಕೆ ಪರವಾನಗಿ ಬೇಕು ಅನ್ನುವುದೂ ದೇಶದಿಂದ ದೇಶಕ್ಕೆ ಬೇರೆ. ಬ್ಯಾರಲ್ಲನ್ನೇ ಬಂದೂಕು ಅಂತ ಲೆಕ್ಕ ಹಿಡಿಯುವ ಕಡೆಯೂ ಇವೆ. ಆರ್ಡರ್ ಮಾಡುವ ಮೊದಲೇ ಕಾನೂನು ನೋಡಿಕೊಳ್ಳಬೇಕು.

ಬ್ಯಾರಲ್ಲಿಗಿಂತ ಮೊದಲು ಇನ್ನೊಂದಿದೆ. ತೋಟಾ. ಒಂದು .22 ಲಾಂಗ್ ರೈಫಲ್ ತೋಟಾ ಬೆರಳ ನಡುವೆ ಹಿಡಿದು ನೋಡಿ. ಗುಂಡು ಮತ್ತು ಕೇಸು ಒಂದೇ ದಪ್ಪ. ಗುಂಡಿನ ಬುಡವನ್ನು ಮಾತ್ರ ಸಣ್ಣ ಮಾಡಿ ಕೇಸಿನೊಳಗೆ ತೂರಿಸಿದ್ದಾರೆ. ಸೀಸದ ಮೇಲೆ ತೆಳ್ಳಗೆ ಮೇಣ. ಬೆರಳಿಗೆ ಜಿಡ್ಡು ಹತ್ತುತ್ತದೆ. ಆ ಮೇಣ ಬ್ಯಾರಲ್ ಒಳಗೆ ಹರಡಿಕೊಂಡು ಒಂದು ಪದರ ಆಗುವವರೆಗೆ ರೈಫಲ್ ನೆಟ್ಟಗೆ ಹೊಡೆಯುವುದಿಲ್ಲ. ಬೇರೆ ಬ್ರಾಂಡಿಗೆ ಹೋದರೆ ಅದರ ಮೇಣ ಬೇರೆ, ಮತ್ತೆ ಹದಕ್ಕೆ ಬರಲು ಹತ್ತಿಪ್ಪತ್ತು ಗುಂಡು ಬೇಕು. ದಿನಾ ಬ್ಯಾರಲ್ ತಿಕ್ಕಿ ತೊಳೆಯುವವರು ತಮಗೇ ಗೊತ್ತಿಲ್ಲದೆ ರೈಫಲ್ಲನ್ನು ಕೆಡಿಸುತ್ತಾರೆ. ಅದರಲ್ಲೂ ಉಕ್ಕಿನ ಕಡ್ಡಿಯನ್ನು ಮುಂದಿನ ಬಾಯಿಂದ ತೂರಿಸಿ ಉಜ್ಜಿದರೆ, ಗುಂಡು ಹೊರಬೀಳುವ ಕೊನೆಯ ಅಂಚೇ ಸವೆದುಹೋಗುತ್ತದೆ.

ವೇಗದ್ದೂ ಒಂದು ಲೆಕ್ಕ ಇದೆ. ಗುಂಡು ಶಬ್ದಕ್ಕಿಂತ ಜೋರಾಗಿ ಹೊರಟು, ದಾರಿಯಲ್ಲಿ ಶಬ್ದದ ವೇಗಕ್ಕೆ ಇಳಿಯುವಾಗ ಅಲುಗಾಡುತ್ತದೆ. ಸೆಕೆಂಡಿಗೆ 330 ಮೀಟರ್ ಆಸುಪಾಸಿನ ಸಾಮಾನ್ಯ ವೇಗದ ತೋಟಾಕ್ಕೆ ಆ ಗೋಜೇ ಇಲ್ಲ. ಅದಕ್ಕೇ ಸ್ಪರ್ಧೆಗೆ ಹೋಗುವವರು ಮೆಲ್ಲಗಿನದನ್ನೇ ಬಳಸುತ್ತಾರೆ. 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಹತ್ತರ ವೃತ್ತದ ಅಡ್ಡಳತೆ 10.4 ಮಿಲಿಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು ಇದೇ ತೋಟಾದಲ್ಲಿ, ಇದೇ ದೂರಕ್ಕೆ. ಈ ಮಟ್ಟದವರು ತಮ್ಮ ರೈಫಲ್ಲನ್ನು ಈಲಿ, ಲಾಪುವಾ ಥರದ ಕಂಪನಿಗಳ ಪರೀಕ್ಷೆಯ ಜಾಗಕ್ಕೇ ಒಯ್ದು, ಕಬ್ಬಿಣದ ಹಿಡಿಕೆಗೆ ಬಿಗಿದು, ಒಂದೊಂದು ಲಾಟ್ (ಒಂದೇ ಸಲಕ್ಕೆ ತಯಾರಾದ ಕಂತು) ನಂಬರಿನ ತೋಟಾ ಹೊಡೆದು ನೋಡಿ ಆರಿಸುತ್ತಾರೆ. ಒಂದೇ ಬ್ರಾಂಡ್, ಒಂದೇ ಪೆಟ್ಟಿಗೆ ಬಣ್ಣ, ಲಾಟ್ ಬದಲಾದರೆ ಗುರಿಹಲಗೆಯ ಮೇಲೆ ಗುಂಡುಗಳು ಬೀಳುವ ಗುಂಪು ಬದಲು. ಬ್ಯಾರಲ್ಲಿಗೂ ಲಾಟಿಗೂ ಜಾತಕ ಕೂಡಿಬರಬೇಕು. ಅಂಚಿನ ದಪ್ಪ ಅಳೆದು, ತೋಟಾ ತೂಗಿ ವಿಂಗಡಿಸುವವರೂ ಇದ್ದಾರೆ. ಹೊತ್ತು ಹೋಗಲು ಒಳ್ಳೆಯದು. ಅದರ ಬದಲು ಬೇರೆ ನಾಲ್ಕು ಥರದ ತೋಟಾ ತಂದು ಹೊಡೆದು ನೋಡಿ ಅಂತ ನಾನು ಹೇಳುತ್ತೇನೆ.

ಪಿಸ್ತೂಲಿಗೆ ಬಂದರೆ ಎಲ್ಲ ಹಿಡಿಯಲ್ಲಿದೆ. ರೂಗರ್ ಸ್ಟ್ಯಾಂಡರ್ಡನ್ನು ಬಿಚ್ಚುವುದು ಸುಲಭ, ಮತ್ತೆ ಜೋಡಿಸುವುದು ಶತ್ರುವಿಗೂ ಬೇಡ. ಒಳಗೆ ಒಂದು ಪುಟ್ಟ ಕಡ್ಡಿ ಇದೆ. ಪಿಸ್ತೂಲನ್ನು ಸರಿಯಾದ ಕೋನಕ್ಕೆ ಓರೆ ಮಾಡಿದಾಗ ಅದು ತಾನಾಗಿ ಜಾರಿ ತನ್ನ ಜಾಗಕ್ಕೆ ಬರಬೇಕು. ಬರದಿದ್ದರೆ ಮೊದಲಿನಿಂದ ಶುರು. ಈ ಗೋಳಿಗೆ ಕಂಪನಿ ಪರಿಹಾರ ಕೊಟ್ಟದ್ದು 2016ರಲ್ಲಿ, ಒಂದು ಗುಂಡಿ ಒತ್ತಿದರೆ ಮಡಚಿ ಬಿಚ್ಚಿಕೊಳ್ಳುವ ಮಾರ್ಕ್ ಫೋರ್‌ನಲ್ಲಿ. ಆದರೂ ಹಳೆಯದರ ಹಿಡಿಯ ಓರೆ ಬೇರೆಯದೇ ಸುಖ.

ಹಿಡಿ ಕೆತ್ತುವ ಕೆಲಸ ನನಗೆ ಎಲ್ಲಕ್ಕಿಂತ ಪ್ರಿಯ. ಮೂಲ ಹಿಡಿಯನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ಸ್ಕ್ರೂಗಳ ಜೊತೆ ಡಬ್ಬಿಗೆ ಹಾಕಿ ಎತ್ತಿಡುತ್ತೇನೆ. ಆಮೇಲೆ ವಾಲ್‌ನಟ್ ತುಂಡು, ಒರಟು ಅರ. ಮೊದಲು ಬೆರಳು ಕೂರುವ ಜಾಗ. ಅಂಗೈಯ ಕೆಳಗೆ ಒಂದು ಮೆಟ್ಟಿಲು ಬಿಡಬೇಕು, ಕೈ ಕೆಳಗೆ ಜಾರದ ಹಾಗೆ. ಹೆಬ್ಬೆರಳಿನ ಬುಡದ ಮಾಂಸ ಒತ್ತುವ ಕಡೆ ಒಂದಿಷ್ಟು ತೆಗೆದು, ಹಿಡಿದು ನೋಡಿ, ಮತ್ತೆ ಒಂದಿಷ್ಟು. ಎಲ್ಲಿ ಜಾಸ್ತಿ ತೆಗೆದೆವೋ ಅಲ್ಲಿ ಮರದ ಪುಡಿ ಮತ್ತು ಎಪಾಕ್ಸಿ ಕಲಸಿ ಮೆತ್ತಬಹುದು. ಕಣ್ಣು ಮುಚ್ಚಿ ತೋಳು ಚಾಚಿ, ಕಣ್ಣು ತೆರೆದಾಗ ಮುಂದಿನ ಸೈಟು ಹಿಂದಿನದರ ನಡುವೆ ನಿಂತಿದ್ದರೆ ಹಿಡಿ ಸರಿಯಾಯಿತು ಅಂತ. ಮೇಲೆ ಅಗಸೆ ಎಣ್ಣೆ, ತೆಳ್ಳಗೆ, ಒಣಗಿಸಿ ಒಣಗಿಸಿ. ಬೇರೆಯವರು ಹಿಡಿದರೆ ಒಗ್ಗುವುದಿಲ್ಲ. ನನ್ನ ಕೈಗೆ ಮಾಡಿದ್ದು, ಇನ್ನೊಬ್ಬರಿಗೆ ಹೇಗೆ ಒಗ್ಗಬೇಕು? ಅಂತೂ ಬೇಡವಾದ ದಿನ ಡಬ್ಬಿ ತೆರೆದು ಹಳೆಯ ಹಿಡಿ ಹಾಕಿದರೆ ಪಿಸ್ತೂಲು ಮೊದಲಿನ ಹಾಗೇ. ವಾಪಸ್ ಮಾಡಬಹುದಾದ ಬದಲಾವಣೆಗೆ ನಾನು ಯಾವತ್ತೂ ರೆಡಿ.

ಇನ್ನು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ ಅನ್ನುವವು ಉಳಿದವು. ವಿಂಚೆಸ್ಟರ್ 52 ಅಂತ ಒಂದು ಗುರಿ ರೈಫಲ್ ಇದೆ, 1920ರಿಂದ ಮಾರಾಟವಾದದ್ದು, ಒಂದು ಕಾಲದಲ್ಲಿ ಸ್ಪರ್ಧೆಯ ಸಾಲಿನಲ್ಲಿ ಎಲ್ಲಿ ನೋಡಿದರೂ ಅದೇ. ಇಂಥ ಹಳೆಯ ರೈಫಲ್‌ಗಳ ರಿಸೀವರಿಗೆ (ಬೋಲ್ಟ್ ಓಡಾಡುವ ಉಕ್ಕಿನ ಮೈ) ಯಾರೋ, ಯಾವತ್ತೋ, ಸ್ಕೋಪ್ ಕೂರಿಸಲು ತೂತು ಕೊರೆದಿರುತ್ತಾರೆ. ಕೆಲವು ಸಲ ಎರಡು ಸಾಲು, ಮೊದಲ ಸಾಲು ಸೊಟ್ಟ ಆಯಿತು ಅಂತ ಇನ್ನೊಂದು. ಸ್ಟಾಕನ್ನೂ ಕತ್ತರಿಸಿರುತ್ತಾರೆ. ಸಂಗ್ರಹಕಾರರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ನನಗೆ ಮಾತ್ರ ಇಂಥವನ್ನು ಕಂಡರೆ ಖುಷಿ. ಕಾಪಾಡಲು ಏನೂ ಉಳಿದಿಲ್ಲ, ಆದರೆ ಆಕ್ಷನ್, ಅಂದರೆ ತೋಟಾ ತುಂಬಿ ಸಿಡಿಸುವ ಯಂತ್ರಭಾಗ, ಅದೇ, ಬ್ಯಾರಲ್ ಬಹಳ ಸಲ ಚೆನ್ನಾಗೇ ಇರುತ್ತದೆ.

ಕೊಳ್ಳುವ ಮೊದಲು ಎರಡು ಕಡೆ ನೋಡುತ್ತೇನೆ. ಬೋಲ್ಟ್ ತೆಗೆದು, ಚೇಂಬರ್ (ಬ್ಯಾರಲ್ ಬುಡದಲ್ಲಿ ತೋಟಾ ಕೂರುವ ಗೂಡು) ಖಾಲಿ ಅಂತ ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಂಡು, ಚೇಂಬರಿನ ಬಾಯಿಗೆ ಟಾರ್ಚ್ ಬಿಡಬೇಕು. ತೋಟಾ ಇಲ್ಲದೆ ಟಪ್ ಟಪ್ ಅಂತ ಟ್ರಿಗರ್ ಎಳೆಯುವ ಚಟ ಇದ್ದವರ ಕೈಯಲ್ಲಿದ್ದ ರೈಫಲ್ ಆದರೆ, ಪಿನ್ ಬಡಿದು ಬಡಿದು ಆ ಬಾಯಿಯ ಅಂಚಿನಲ್ಲಿ ಸಣ್ಣ ಕಚ್ಚು ಬಿದ್ದಿರುತ್ತದೆ, ಲೋಹ ಒಳಕ್ಕೆ ಉಬ್ಬಿರುತ್ತದೆ. ಖಾಲಿ ಕೇಸು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು ಗನ್‌ಸ್ಮಿತ್ ಒಂದು ಉಕ್ಕಿನ ಗೂಟ ತೂರಿಸಿ ಒತ್ತಿ ಸರಿಮಾಡುತ್ತಾನೆ, ದೊಡ್ಡ ಕೆಲಸವಲ್ಲ. ಇನ್ನೊಂದು, ಚೇಂಬರಿನೊಳಗಿನ ಉಂಗುರ. ವರ್ಷಗಟ್ಟಲೆ ಶಾರ್ಟ್ ತೋಟಾ ಹೊಡೆದಿದ್ದರೆ ಅದರ ಕೇಸು ಮುಗಿಯುವ ಜಾಗದಲ್ಲಿ ಉಕ್ಕು ಸವೆದು ಗೆರೆ ಮೂಡಿರುತ್ತದೆ. ಲಾಂಗ್ ರೈಫಲ್ ಹಾಕಿದಾಗ ಹಿತ್ತಾಳೆ ಆ ಗೆರೆಯೊಳಗೆ ಉಬ್ಬಿ ಕೂತು ಹೊರಬರಲು ಒಲ್ಲೆ ಅನ್ನುತ್ತದೆ. ಇದಿದ್ದರೆ ನಾನು ಕೈಬಿಡುತ್ತೇನೆ.

ಎರಡೂ ಇಲ್ಲದಿದ್ದರೆ ಮನೆಗೆ ಬರುತ್ತದೆ. ಸೊಟ್ಟ ತೂತುಗಳಿಗೆ ತಲೆಯಿಲ್ಲದ ಸ್ಕ್ರೂ ಹಾಕಿ ಮುಚ್ಚಿ, ನೆಟ್ಟಗಿರುವ ಸಾಲಿಗೆ ಸ್ಕೋಪ್. ಕತ್ತರಿಸಿದ ಸ್ಟಾಕ್ ಕಿತ್ತು ಹೊಸ ವಾಲ್‌ನಟ್. ಆಕ್ಷನ್ ಕೂರುವ ಜಾಗಕ್ಕೆ ಎಪಾಕ್ಸಿ ಹಾಸಿ, ಅಲುಗಾಡದ ಹಾಗೆ ಬಿಗಿಯುವುದು. ಹೊಸ ಸ್ಕ್ರೂಗಳನ್ನು ಹಾಕುವಾಗ ಮಾತ್ರ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ಹುಡುಕಿಕೊಳ್ಳುತ್ತೇನೆ. ಮುಂದೆ ಇದನ್ನು ಕೊಳ್ಳುವವರೂ ಮೊದಲು ಅದನ್ನೇ ನೋಡುತ್ತಾರೆ, ಅಲ್ವಾ?